ಎರೆಯೊಳಗಿನ ಗಾಳ

ತಪಸ್ಸುಕಾಲದ (ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ, ಪ್ರಾರ್ಥನೆಯ ಕಾಲ) ಸಂಚಿಕೆಯಲ್ಲಿ ಯಾಕೋಬನ ಪತ್ರದ ಮೊದಲ ಅಧ್ಯಾಯದ ಬಗ್ಗೆ ಒಂದಿಷ್ಟು ಬರೆದಿದ್ದೆ. ಶೋಧನೆ (ಪಾಪದ ಕಡೆಗೆ ಎಳೆಯುವ ಸೆಳೆತ) ನಮ್ಮೊಳಗಿನ ಆಸೆಯನ್ನೇ ಹಿಡಿದು ನಮ್ಮನ್ನು ಎಳೆಯುತ್ತದೆ ಎನ್ನುತ್ತಾನೆ ಯಾಕೋಬ. ಗಾಳ ಹಾಕುವವನು ಮಾಡುವುದೂ ಅದನ್ನೇ ಎಂದು ಸೇರಿಸಿದ್ದೆ. ಕಾವೇರಿ, ಹೇಮಾವತಿ, ಲೋಕಪಾವನಿ ಹರಿಯುವ ಸೀಮೆ ನಮ್ಮದು, ಊರಿಗೊಂದು ಕೆರೆ ಬೇರೆ. ಹಾಗಾಗಿ ಆ ಮಾತು ಓದುಗರಿಗೆ ತಟ್ಟಿತೆಂದು ಕಾಣುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕುಗಳಿಂದ ಪತ್ರಗಳು ಬಂದಿವೆ. ಬರೆದವರ ಹೆಸರು ಬಿಟ್ಟು, ಗುರುತು ಸಿಗದ ಹಾಗೆ ಅಲ್ಲಲ್ಲಿ ಮೊಟಕು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಫಾದರ್, ನನಗೆ 24 ವರ್ಷ. ಪೂಜೆಯ ಹೊತ್ತಿನಲ್ಲೇ ಕೆಟ್ಟ ಯೋಚನೆಗಳು ಬರುತ್ತವೆ. ಬೇಡವೆಂದಷ್ಟೂ ಹೆಚ್ಚುತ್ತವೆ. ಪಾಪನಿವೇದನೆ ಮುಗಿಸಿ ಹೊರಗೆ ಬಂದ ಕೂಡಲೇ ಏನೋ ಒಂದು ಹೇಳುವುದು ಬಿಟ್ಟುಹೋಯಿತು ಅನ್ನಿಸಿ ಮತ್ತೆ ಸಾಲಿನಲ್ಲಿ ನಿಲ್ಲುತ್ತೇನೆ. ಪರಮಪ್ರಸಾದ ಸ್ವೀಕರಿಸುವುದನ್ನೇ ನಿಲ್ಲಿಸಿದ್ದೇನೆ. ನನಗೆ ಕ್ಷಮೆ ಇಲ್ಲವೇ? — ಶ್ರೀರಂಗಪಟ್ಟಣ

ಉತ್ತರ: ಕ್ಷಮೆ ಇದೆ. ಇನ್ನೂ ಒಂದು ಮಾತು ಹೇಳುತ್ತೇನೆ, ನಂಬಿ. ನೀವು ಬರೆದಿರುವುದರಲ್ಲಿ ಕ್ಷಮೆ ಬೇಡುವಂಥ ಪಾಪ ನನಗೆ ಅಷ್ಟಾಗಿ ಕಾಣಲಿಲ್ಲ. ಭಯ ಮಾತ್ರ ಬಹಳ ಕಂಡಿತು. ಆ ಭಯ ಸುಳ್ಳಲ್ಲ, ಅದು ನಿಮ್ಮನ್ನು ಹಿಂಡುತ್ತಿದೆ ಎಂಬುದು ನಿಮ್ಮ ಅಕ್ಷರದಲ್ಲೇ ಗೊತ್ತಾಗುತ್ತದೆ.

ಯೋಚನೆ ಬರುವುದು ಬೇರೆ, ಅದಕ್ಕೆ ಒಪ್ಪುವುದು ಬೇರೆ. ಆರನೇ ಶತಮಾನದ ಕೊನೆಯಲ್ಲಿ ಪೋಪ್ ಆಗಿದ್ದ ಮಹಾ ಗ್ರೆಗೊರಿಯವರು ಶೋಧನೆಗೆ ಮೂರು ಮೆಟ್ಟಿಲು ಹೇಳುತ್ತಾರೆ. ಮೊದಲು ಸೂಚನೆ, ಅಂದರೆ ಯೋಚನೆ ಹೊಳೆಯುವುದು. ಆಮೇಲೆ ಅದರಲ್ಲಿ ಸುಖ ಕಾಣುವುದು. ಕೊನೆಗೆ ಸಮ್ಮತಿ, ಅಂದರೆ ಆಗಲಿ ಎಂದು ಮನಸ್ಸು ಒಪ್ಪಿಕೊಳ್ಳುವುದು. ಮೊದಲ ಮೆಟ್ಟಿಲಿಗೆ ಯೇಸುವೂ ಬಂದಿದ್ದರು. ನಲವತ್ತು ದಿನ ಉಪವಾಸವಿದ್ದು ಹಸಿದಿದ್ದ ಹೊತ್ತಿನಲ್ಲಿ, ಕಲ್ಲನ್ನು ರೊಟ್ಟಿ ಮಾಡಿಕೋ ಎಂಬ ಮಾತು ಅವರ ಕಿವಿಗೂ ಬಿತ್ತು. ಬಿದ್ದಿದ್ದರಿಂದ ಅವರು ಪಾಪಿಯಾಗಲಿಲ್ಲ.

ನೀವು ಹೊಳೆಯ ಊರಿನವರು, ಗಾಳ ಹಾಕುವುದನ್ನು ನೋಡಿರುತ್ತೀರಿ. ದಾರಕ್ಕೆ ಬೆಂಡು ಕಟ್ಟಿರುತ್ತಾರೆ. ಹಿಂದೆ ನವಿಲುಗರಿಯ ದಂಟು ಕಟ್ಟುತ್ತಿದ್ದರು, ಈಗ ಹಳೆಯ ಹವಾಯಿ ಚಪ್ಪಲಿಯಿಂದ ಕೊಯ್ದ ತುಂಡೂ ನಡೆಯುತ್ತದೆ. ಸಣ್ಣ ಮೀನುಗಳು ಬಂದು ಎರೆಗೆ ಮೂತಿ ತಾಗಿಸಿದರೆ ಬೆಂಡು ನಡುಗುತ್ತದೆ. ಹೊಸಬ ಆಗಲೇ ದಡಕ್ಕನೆ ಎಳೆದುಬಿಡುತ್ತಾನೆ. ಪಳಗಿದವನು ಕೈ ಕದಲಿಸುವುದಿಲ್ಲ. ಬೆಂಡು ಪೂರ್ತಿ ಮುಳುಗಿ ಒಂದು ಕಡೆಗೆ ಓಡಿದರೆ ಮಾತ್ರ ಮೀನು ನುಂಗಿದೆ ಎಂದು ಅವನಿಗೆ ಗೊತ್ತು. ನಿಮ್ಮ ಬೆಂಡು ನಡುಗುತ್ತಿದೆ, ಅಷ್ಟೆ. ನಡುಗಿದಾಗಲೆಲ್ಲ ಮುಳುಗಿತು ಎಂದು ನೀವು ಕೂಗಿಕೊಳ್ಳುತ್ತಿದ್ದೀರಿ.

ಇದಕ್ಕೆ ಹಿರಿಯರು ಅತಿಶಂಕೆ (ಪಾಪವಲ್ಲದ್ದನ್ನೂ ಪಾಪವೆಂದೇ ಎಣಿಸುವ ಮನಸ್ಸಿನ ತೊಂದರೆ) ಎನ್ನುತ್ತಾರೆ. ನಿಮ್ಮೊಬ್ಬರಿಗೇ ಬಂದದ್ದಲ್ಲ. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬಲ್ಲಿದ್ದಾಗ ಇದೇ ನೋವು ಉಂಡರು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿದರು, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದರು. ಹಳೆಯದನ್ನು ಇನ್ನು ಕೆದಕುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿತು.

ನೀವು ಮಾಡಬೇಕಾದದ್ದು ಇಷ್ಟು. ಒಬ್ಬರೇ ಗುರುಗಳ ಬಳಿ, ತಿಂಗಳಿಗೆ ಒಂದು ಸಲ ನಿವೇದನೆಗೆ ಹೋಗಿ. ಅವರು ಸಾಕು ಎಂದರೆ ಸಾಕು, ಎರಡನೇ ಸಲ ಸಾಲಿನಲ್ಲಿ ನಿಲ್ಲಬೇಡಿ. ಈ ಭಾನುವಾರ ಪರಮಪ್ರಸಾದ ಸ್ವೀಕರಿಸಿ. ಯೋಚನೆ ಬಂದರೆ ಅದರೊಂದಿಗೆ ಕುಸ್ತಿಗೆ ಇಳಿಯಬೇಡಿ, ಬಂದ ದಾರಿಯಲ್ಲೇ ಹೋಗಲು ಬಿಡಿ. ಬೀಗ ಹಾಕಿದ್ದನ್ನು ಹತ್ತು ಸಲ ನೋಡುವುದು, ಕೈ ತೊಳೆದೇ ತೊಳೆಯುವುದು ಇಂಥದ್ದೂ ಇದ್ದರೆ ಅದು ಗೀಳು (ಬೇಡವೆಂದರೂ ಮರಳಿ ಬರುವ ಯೋಚನೆಯ ಕಾಯಿಲೆ) ಇರಬಹುದು. ಅದಕ್ಕೆ ಔಷಧವಿದೆ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಪ್ರಶ್ನೆ: ನಾನು ಕಬ್ಬು ಬೆಳೆಯುವವನು, ವಯಸ್ಸು 46. ದಿನಾ ಕುಡಿಯುವವನಲ್ಲ. ಆದರೆ ಕಬ್ಬಿನ ದುಡ್ಡು ಕೈಗೆ ಬಂದ ದಿನ, ಸಂತೆಯ ದಿನ ನನ್ನ ಕಾಲು ತಾನಾಗಿ ಅಂಗಡಿ ಕಡೆ ತಿರುಗುತ್ತದೆ. ಕ್ರಿಸ್ಮಸ್‌ಗೆ ಆಣೆ ಮಾಡಿದೆ, ಸಂಕ್ರಾಂತಿಗೆ ಮುರಿಯಿತು. ಪ್ರಾರ್ಥನೆಯಲ್ಲಿ ಬಲ ಸಾಲದೇ? — ಪಾಂಡವಪುರ

ಉತ್ತರ: ಆಣೆ ಮುರಿದದ್ದಕ್ಕೆ ನೀವು ಬೇಸತ್ತಿದ್ದೀರಿ, ಅದು ಸಹಜ. ಆದರೆ ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ, ಗಮನಿಸಿದಿರಾ? ಯಾವ ದಿನ, ಯಾವ ದಾರಿ, ಕೈಯಲ್ಲಿ ಏನಿದ್ದಾಗ ಎಂಬ ಮೂರನ್ನೂ ನೀವೇ ಬರೆದಿದ್ದೀರಿ. ಕುಡಿತದ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಇಷ್ಟು ಸ್ಪಷ್ಟವಾಗಿ ಬರೆದವರು ಕಡಿಮೆ.

ಕನ್ನಂಬಾಡಿ ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವರು ಕಂಡಕಂಡಲ್ಲಿ ಬಲೆ ಬಿಡುವುದಿಲ್ಲ. ಯಾವ ಹೊತ್ತಿನಲ್ಲಿ ಮೀನು ದಡಕ್ಕೆ ಮೇಯಲು ಬರುತ್ತದೆ, ಹೊಸನೀರು ಬಂದಾಗ ಎತ್ತ ಹತ್ತುತ್ತದೆ ಎಂದು ಲೆಕ್ಕ ಇಟ್ಟಿರುತ್ತಾರೆ. ನಿಮ್ಮ ಲೆಕ್ಕವನ್ನೂ ಸೈತಾನ ಇಟ್ಟಿದ್ದಾನೆ. ಈಗ ನೀವೂ ಇಟ್ಟಿದ್ದೀರಿ, ಅದೇ ದೊಡ್ಡ ವಿಷಯ. ಮೀನಿಗೆ ಆ ಅನುಕೂಲ ಇಲ್ಲ.

ಆದ್ದರಿಂದ ಆಣೆಯನ್ನು ಸ್ವಲ್ಪ ಬದಿಗಿಡಿ. ಇನ್ನು ಮುಂದೆ ಎಂದೆಂದಿಗೂ ಎಂದು ಆಣೆ ಮಾಡುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಮುರಿದ ದಿನ ಅದೇ ಇನ್ನೊಂದು ಲೋಟಕ್ಕೆ ನೆಪವಾಗುತ್ತದೆ. ಬದಲಿಗೆ ದಾರಿ ಬದಲಿಸಿ. ದುಡ್ಡು ಮನೆಯವರ ಜೊತೆಗಿನ ಜಂಟಿ ಖಾತೆಗೆ ಬೀಳಲಿ. ಆ ದಿನ ಪೇಟೆಗೆ ಹೋಗಲೇಬೇಕಿದ್ದರೆ ಮಗನನ್ನೋ ಅಣ್ಣನನ್ನೋ ಗಾಡಿಯ ಹಿಂದೆ ಕೂರಿಸಿಕೊಳ್ಳಿ. ಊಟ ಮಾಡಿ ಹೊರಡಿ, ಹಸಿದ ಹೊಟ್ಟೆಯಲ್ಲಿ ತೀರ್ಮಾನ ನಿಲ್ಲುವುದಿಲ್ಲ. ಶೋಧನೆಗೆ ಒಳಪಡಿಸಬೇಡ ಎಂದು ದಿನವೂ ಬೇಡುವವರು ಬೇಡಿದ ಮೇಲೆ ಅದೇ ಬೀದಿಯಲ್ಲಿ ನಡೆದರೆ ಹೇಗೆ?

ಒಂದು ಎಚ್ಚರಿಕೆ, ಇದು ನಿಮಗಿಂತ ಹೆಚ್ಚಾಗಿ ದಿನವೂ ಕುಡಿಯುವ ಓದುಗರಿಗೆ. ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ, ಪ್ರಾಣಕ್ಕೂ ಅಪಾಯವಾಗಬಹುದು. ಹರಕೆ ಹೊತ್ತು ಮನೆಯಲ್ಲೇ ನಿಲ್ಲಿಸುವ ಸಾಹಸ ಬೇಡ, ಆಸ್ಪತ್ರೆಗೆ ಹೋಗಿ ನಿಲ್ಲಿಸಿ. ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ನೋಡುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನವೆಂದು ವಿಚಾರಿಸಿಕೊಳ್ಳಿ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಂಗಡಿ ಮುಚ್ಚುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಸ್ವಾಮಿ, ನನ್ನ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಫೋನಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡಿದ್ದಾನೆ ಎಂದು ಅವನ ಗೆಳೆಯನಿಂದ ಗೊತ್ತಾಯಿತು. ಎಷ್ಟು ಎಂದರೆ ಒಂದೊಂದು ಸಲ ಒಂದೊಂದು ಲೆಕ್ಕ ಹೇಳುತ್ತಾನೆ. ಅವರಪ್ಪನಿಗೆ ಗೊತ್ತಾದರೆ ಮನೆಯಿಂದ ಹೊರಹಾಕುತ್ತಾರೆ. ನನ್ನ ಒಡವೆ ಅಡವಿಟ್ಟು ಗುಟ್ಟಾಗಿ ತೀರಿಸಿಬಿಡಲೇ? ಚಿಕ್ಕಂದಿನಲ್ಲಿ ಪೀಠಬಾಲಕನಾಗಿದ್ದ ಹುಡುಗ ಹೀಗೇಕಾದ? — ಕೆ.ಆರ್. ಪೇಟೆ

ಉತ್ತರ: ಅಮ್ಮಾ, ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ, ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಅದೇ ಎಂದು ಕಾಣುತ್ತದೆ. ನೀವು ಬೆಳೆಸಿದ್ದರಲ್ಲಿ ತಪ್ಪಾಗಿ ಅವನು ಹೀಗಾಗಲಿಲ್ಲ. ಮೋಸ ಹೋಗಬೇಕಾದರೆ ಕೆಟ್ಟವನೇ ಆಗಿರಬೇಕೆಂದಿಲ್ಲ, ಹಸಿವಿದ್ದರೆ ಸಾಕು. ಊರು ಬಿಟ್ಟು ಹೋದ ಹುಡುಗನಿಗೆ ಬಾಡಿಗೆಯ ಒತ್ತಡ, ಸಂಜೆಯ ಒಂಟಿತನ, ಮನೆಗೆ ನಾಲ್ಕು ಕಾಸು ಹೆಚ್ಚು ಕಳಿಸಬೇಕೆಂಬ ಆಸೆ ಎಲ್ಲವೂ ಇರುತ್ತದೆ. ಅವುಗಳಲ್ಲಿ ಒಂದೂ ಪಾಪವಲ್ಲ.

ದೊಡ್ಡ ಗೆಂಡೆ ಮೀನು ಹಿಡಿಯಬೇಕೆನ್ನುವವರು ಮೊದಲ ದಿನವೇ ಗಾಳ ಹಾಕುವುದಿಲ್ಲ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿ, ಒಂದೇ ಜಾಗದಲ್ಲಿ ನಾಲ್ಕಾರು ದಿನ ನೀರಿಗೆ ಹಾಕುತ್ತಾರೆ. ಆ ಉಂಡೆಗಳಲ್ಲಿ ಗಾಳ ಇರುವುದಿಲ್ಲ. ಮೀನು ಬರುತ್ತದೆ, ತಿನ್ನುತ್ತದೆ, ಏನೂ ಆಗುವುದಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಬರುತ್ತದೆ. ಅನುಮಾನವೆಲ್ಲ ಕರಗಿದ ಮೇಲೆ ಒಂದು ದಿನ ಒಂದು ಉಂಡೆಯಲ್ಲಿ ಮಾತ್ರ ಗಾಳವಿರುತ್ತದೆ. ಸೇರಿದ ಕೂಡಲೇ ಬೋನಸ್, ಮೊದಲ ಆಟಗಳಲ್ಲಿ ಗೆಲುವು, ನೂರು ಹಾಕಿದರೆ ಇನ್ನೂರು ಎಂದು ನಿಮ್ಮ ಮಗನಿಗೂ ಮೊದಲ ದಿನಗಳಲ್ಲಿ ಹಾಕಿದ್ದು ಬರೀ ಉಂಡೆ. ಗೆದ್ದ ದಿನಗಳೇ ಅವನನ್ನು ಹಿಡಿದವು. ಸೋತ ದಿನಗಳು ದಾರ ಸುತ್ತಿಕೊಂಡವು, ಅಷ್ಟೆ.

ಈಗ ಒಡವೆಯ ಮಾತು. ಬೇಡ ಅಮ್ಮಾ. ಜಿಪುಣತನ ಮಾಡಿ ಎನ್ನುತ್ತಿಲ್ಲ. ಗಾಳದ ಮೊನೆಯ ಪಕ್ಕದಲ್ಲಿ ಹಿಮ್ಮುಖವಾಗಿ ಎದ್ದ ಒಂದು ಸಣ್ಣ ಮುಳ್ಳಿರುತ್ತದೆ. ಒಳಗೆ ಹೋಗುವಾಗ ಅದು ಗೊತ್ತೇ ಆಗುವುದಿಲ್ಲ, ಹಿಂದಕ್ಕೆ ಎಳೆದರೆ ಮಾಂಸ ಕಿತ್ತುಬರುತ್ತದೆ. ಯಾರದಾದರೂ ಬೆರಳಿಗೆ ಗಾಳ ಆಳವಾಗಿ ನೆಟ್ಟುಕೊಂಡರೆ ಡಾಕ್ಟರು ಎಷ್ಟೋ ಸಲ ಅದನ್ನು ಬಂದ ದಾರಿಯಲ್ಲಿ ಎಳೆಯುವುದಿಲ್ಲ. ಮರಗಟ್ಟುವ ಸೂಜಿ ಕೊಟ್ಟು, ಮೊನೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿ ಚರ್ಮದ ಆಚೆಗೆ ಕಾಣುವಂತೆ ಮಾಡಿ, ಮುಳ್ಳನ್ನು ಇಕ್ಕಳದಿಂದ ಕತ್ತರಿಸಿ ಆಮೇಲೆ ತೆಗೆಯುತ್ತಾರೆ. ನೋಡುವವರಿಗೆ ಗಾಯ ದೊಡ್ಡದು ಮಾಡಿದಂತೆ ಕಾಣುತ್ತದೆ. ಗುಟ್ಟಾಗಿ ಸಾಲ ತೀರಿಸುವುದೆಂದರೆ ಮುಳ್ಳನ್ನು ಒಳಗೇ ಬಿಟ್ಟು ಮೇಲೆ ಪಟ್ಟಿ ಕಟ್ಟಿದ ಹಾಗೆ. ಸಾಲ ತೀರುತ್ತದೆ, ಖಾತೆ ಖಾಲಿಯಾಗುತ್ತದೆ, ಆಪ್ ಫೋನಿನಲ್ಲೇ ಇರುತ್ತದೆ. ಜೂಜಿನ ಸಾಲವನ್ನು ಮನೆಯವರು ಒಮ್ಮೆ ಗುಟ್ಟಾಗಿ ಕಟ್ಟಿದರೆ ಎರಡನೇ ಸಲಕ್ಕೆ ಅದೇ ಧೈರ್ಯವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಅವನನ್ನು ಊರಿಗೆ ಕರೆಸಿ. ಫೋನಿನಲ್ಲಿ ಮಾತಾಡಿ ಮುಗಿಸುವ ವಿಷಯವಲ್ಲ ಇದು. ಊಟ ಹಾಕಿ, ಮಲಗಲು ಬಿಡಿ, ಮಾರನೆಯ ದಿನ ಕೂತು ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ. ಯಾರಿಗೆ, ಎಷ್ಟು, ಬಡ್ಡಿ ಏನು, ಯಾವಾಗ ತೆಗೆದದ್ದು ಎಲ್ಲವೂ ಬರಲಿ. ಮೊದಲ ಲೆಕ್ಕ ಪೂರ್ತಿ ಇರುವುದಿಲ್ಲ, ನಾಚಿಕೆಗೆ ಒಂದೆರಡು ಮುಚ್ಚಿಟ್ಟಿರುತ್ತಾನೆ. ಬಯ್ಯದೆ ಇನ್ನೂ ಏನಾದರೂ ಇದೆಯೇ ಎಂದು ಕೇಳಿ, ಮಾರನೆಯ ದಿನವೂ ಕೇಳಿ. ಅವರಪ್ಪನಿಗೆ ಹೇಳಲೇಬೇಕು. ನೀವೊಬ್ಬರೇ ಹೇಳಲು ಅಂಜಿದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನೋ, ಯಜಮಾನರು ಮಾತು ಕೇಳುವ ಹಿರಿಯರೊಬ್ಬರನ್ನೋ ಜೊತೆಗೆ ಕೂರಿಸಿಕೊಳ್ಳಿ. ಬೇರೆಯವರೆದುರು ಸಿಟ್ಟು ಸ್ವಲ್ಪ ಹದದಲ್ಲಿರುತ್ತದೆ.

ಆಮೇಲೆ ಸಾಲವನ್ನು ಅವನ ಸಂಬಳದಿಂದಲೇ, ತಿಂಗಳು ತಿಂಗಳು, ನಿಮ್ಮಿಬ್ಬರ ಕಣ್ಣೆದುರು ತೀರಿಸುವ ಏರ್ಪಾಡು ಮಾಡಿ. ಒಂದಷ್ಟು ಕಾಲ ಅವನ ಖರ್ಚಿನ ಹಣವನ್ನು ಬೇರೆಯವರು ಕೊಡಲಿ. ಸಾಲದ ಆಪ್‌ನವರು ಬೆದರಿಸಿದರೆ, ಫೋಟೊ ತಿರುಚಿ ಕಳಿಸುತ್ತೇವೆ ಎಂದರೆ ಹೆದರಿ ಹಣ ಹಾಕಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೂ ದೂರು ಕೊಡಿ. ಹಣ ಪಣವಿಟ್ಟು ಆನ್‌ಲೈನಿನಲ್ಲಿ ಆಡಿಸುವುದನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅದು ಆಡಿಸುವವರನ್ನು, ಜಾಹೀರಾತು ಕೊಡುವವರನ್ನು ಹಿಡಿಯುವುದಕ್ಕೇ ಹೊರತು ಆಡಿ ಸೋತವರನ್ನು ಶಿಕ್ಷಿಸುವುದಕ್ಕಲ್ಲ. ಮಗನನ್ನು ಪೊಲೀಸರು ಎಳೆದೊಯ್ಯುತ್ತಾರೆ ಎಂಬ ಭಯ ನಿಮಗಿದ್ದರೆ ಅದನ್ನು ಇಳಿಸಿಬಿಡಿ.

ಕೊನೆಯದಾಗಿ, ಇದನ್ನು ಎರಡು ಸಲ ಓದಿ. ಸಾಲದಲ್ಲಿ ಸಿಕ್ಕವರು ನಾಚಿಕೆಗೆ ಜೀವದ ಮೇಲೆ ಜಿಗುಪ್ಸೆಪಡುವುದುಂಟು. ನಾನು ಇಲ್ಲದಿದ್ದರೆ ಎಲ್ಲ ಸರಿಹೋಗುತ್ತೆ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡಬೇಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆಟಗಳ ಚಟಕ್ಕೆಂದೇ ಷಟ್ ಎಂಬ ಕ್ಲಿನಿಕ್ ಇದೆ. ಅವನಿಗೆ ಅದು ಹತ್ತಿರ.

ಪ್ರಶ್ನೆ: ನಾನು ಶಿಕ್ಷಕಿ. ಪತಿ ಹೊರ ಊರಿನಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಜೊತೆಗೆ ಕೆಲಸ ಮಾಡುವ ಒಬ್ಬರು ಬಹಳ ಸಹಾಯ ಮಾಡುತ್ತಾರೆ, ದಿನಾ ರಾತ್ರಿ ಮೆಸೇಜ್ ಮಾಡುತ್ತಾರೆ. ನಾನೂ ಕಾಯುತ್ತೇನೆ. ಏನೂ ತಪ್ಪು ನಡೆದಿಲ್ಲ. ಆದರೂ ಮನಸ್ಸಿಗೆ ಕಸಿವಿಸಿ. — ನಾಗಮಂಗಲ

ಉತ್ತರ: ತಪ್ಪು ನಡೆದಿಲ್ಲ ಎಂಬ ನಿಮ್ಮ ಮಾತನ್ನು ಪೂರ್ತಿ ನಂಬುತ್ತೇನೆ. ದಿನವಿಡೀ ಮಕ್ಕಳ ಗದ್ದಲ, ಸಂಜೆ ಖಾಲಿ ಮನೆ. ಇವತ್ತು ಹೇಗಿತ್ತು ಎಂದು ಕೇಳುವವರು ಒಬ್ಬರು ಬೇಕು ಅನ್ನಿಸುವುದು ಪಾಪವಲ್ಲ. ನಿಮ್ಮ ಕಸಿವಿಸಿಯೂ ಶತ್ರುವಲ್ಲ, ಅದನ್ನು ಗದರಿಸಿ ಕಳಿಸಬೇಡಿ.

ನಿಮ್ಮ ಕಡೆ ಕೆರೆ ಕೋಡಿ ಬಿದ್ದಾಗ ಕೂಳಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಡುವುದನ್ನು ನೋಡಿರಬಹುದು. ಕೂಳಿಯ ಬಾಯಿ ಅಗಲ. ಒಳಗೆ ಬಿದಿರ ಸೀಳುಗಳು ಒಳಮುಖವಾಗಿ ಕಿರಿದಾಗುತ್ತಾ ಹೋಗುತ್ತವೆ, ತುದಿಗಳು ಮೃದುವಾಗಿ ಬಾಗುತ್ತವೆ. ಮೀನು ಅವನ್ನು ಸರಿಸಿಕೊಂಡು ಸಲೀಸಾಗಿ ಒಳಗೆ ಹೋಗುತ್ತದೆ. ತಿರುಗಿದರೆ ಅದೇ ತುದಿಗಳು ಎದುರಿಗೆ ಈಟಿಗಳ ಸಾಲಿನ ಹಾಗೆ. ಇದಕ್ಕೆ ಎರೆಯೂ ಬೇಡ, ನೀರಿನ ಸೆಳವು ಸಾಕು. ನಿಮಗೆ ಎರೆ ಹಾಕಿದವರು ಯಾರೂ ಇಲ್ಲ, ಅವರೂ ಕೆಟ್ಟವರಿರಲಿಕ್ಕಿಲ್ಲ. ಇಬ್ಬರೂ ಸೆಳವಿನಲ್ಲಿದ್ದೀರಿ. ಅಗಲವಾದ ಬಾಯಿಯಲ್ಲಿ ಇನ್ನೂ ಏನೂ ಆಗಿಲ್ಲ ಅನ್ನಿಸುವುದು ನಿಜವೇ, ತಿರುಗಲು ಜಾಗವಿರುವುದೂ ಅಲ್ಲೇ.

ಒಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ. ಪತಿ ಬರುವ ಮುಂಚೆ ಯಾವ ಮೆಸೇಜನ್ನಾದರೂ ಅಳಿಸುತ್ತೀರಾ? ಅಳಿಸುವುದಿದ್ದರೆ ಅಲ್ಲಿಗೆ ಸಾಕು.

ಬೈಬಲಿನ ಯೋಸೇಫನು ತನ್ನನ್ನು ಸೆಳೆಯಲು ಬಂದ ಪೋಟೀಫರನ ಹೆಂಡತಿಯೊಂದಿಗೆ ವಾದ ಮಾಡುತ್ತ ನಿಲ್ಲಲಿಲ್ಲ, ಹಿಡಿದ ಮೇಲಂಗಿಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ನೀವು ಓಡಬೇಕಿಲ್ಲ, ಕೆಲಸವೂ ಬಿಡಬೇಕಿಲ್ಲ. ಶಾಲೆಯ ಮಾತು ಶಾಲೆಯ ಹೊತ್ತಿನಲ್ಲಿ, ನಾಲ್ಕು ಜನರಿರುವಾಗ ಇರಲಿ. ರಾತ್ರಿಯ ಮೆಸೇಜಿಗೆ ಉತ್ತರ ನಿಲ್ಲಿಸಿ. ಯಾಕೆಂದು ವಿವರಿಸುವ ಉದ್ದನೆಯ ಮೆಸೇಜನ್ನೂ ಕಳಿಸಬೇಡಿ, ಆ ವಿವರಣೆಯೇ ಇನ್ನೊಂದು ರಾತ್ರಿಯ ಮಾತಾಗುತ್ತದೆ. ಆ ಹೊತ್ತಿಗೆ ಪತಿಗೆ ಫೋನು ಮಾಡಿ, ನನಗೆ ಇಲ್ಲಿ ಒಂಟಿತನವಾಗುತ್ತಿದೆ ಎಂದು ಹೇಳಿ. ಆ ಒಂದು ವಾಕ್ಯವನ್ನು ನೀವು ಇನ್ನೂ ಅವರಿಗೆ ಹೇಳಿಲ್ಲ ಎಂದು ನನ್ನ ಅನುಮಾನ. ವರ್ಗಾವಣೆಯೋ, ನೀವೇ ಅಲ್ಲಿಗೆ ಹೋಗುವುದೋ, ಆ ಮಾತು ಅಲ್ಲಿಂದ ಶುರುವಾಗಲಿ.

ಪ್ರಶ್ನೆ: ನನಗೆ 68. ಇಸ್ಪೀಟು, ಬೀಡಿ ಎಲ್ಲವನ್ನೂ ಯೌವನದಲ್ಲೇ ಬಿಟ್ಟವನು. ಹೆಂಡತಿ ತೀರಿಕೊಂಡ ಮೇಲೆ ರಾತ್ರಿ ಹೊತ್ತು ಫೋನಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಹತ್ತಿದೆ. ನಿವೇದನೆಯಲ್ಲಿ ಇದೇ ಪಾಪ ಹೇಳಿ ಹೇಳಿ ನಾಚಿಕೆಯಾಗಿ ಹೋಗುವುದನ್ನೇ ಬಿಟ್ಟೆ. ದೊಡ್ಡಸ್ವಾಮಿಗಳ ಕಾಲದಿಂದ ವಿಶ್ವಾಸದಲ್ಲಿದ್ದ ಮನೆತನ ನಮ್ಮದು. — ಶ್ರೀರಂಗಪಟ್ಟಣ

ಉತ್ತರ: ಹಿರಿಯರೇ, ಇದನ್ನು ಬರೆಯಲು ನಿಮಗೆ ಎಷ್ಟು ಧೈರ್ಯ ಬೇಕಾಯಿತೋ ಬಲ್ಲೆ. ಮೊದಲಿಗೆ, ನಿಮ್ಮಲ್ಲಿರುವ ದುಃಖವನ್ನು ಯಾರಾದರೂ ವಿಚಾರಿಸಿದ್ದಾರೆಯೇ? ಪತ್ರದಲ್ಲಿ ಹೆಂಡತಿಗೆ ಅರ್ಧ ಸಾಲು, ಪಾಪಕ್ಕೆ ಎರಡು ಪುಟ ಕೊಟ್ಟಿದ್ದೀರಿ.

ಬೇರೆಲ್ಲ ಬಿಟ್ಟವನಿಗೆ ಈ ವಯಸ್ಸಿನಲ್ಲಿ ಇದೇಕೆ ಎಂದು ಕೇಳಿದ್ದೀರಿ. 1970ರ ಸುಮಾರಿಗೆ ನೆದರ್ಲೆಂಡ್ಸ್‌ನ ಬ್ಯೂಕೆಮಾ ಎಂಬ ವಿಜ್ಞಾನಿ ಮೀನುಗಳನ್ನು ಗಾಳದಲ್ಲಿ ಹಿಡಿದು, ಗುರುತು ಮಾಡಿ, ಮತ್ತೆ ನೀರಿಗೆ ಬಿಟ್ಟು ನೋಡಿದರು. ಒಮ್ಮೆ ಸಿಕ್ಕಿ ಬಿಡುಗಡೆಯಾದ ಗೆಂಡೆ ಮೀನು ಆಮೇಲೆ ಬಹುಕಾಲ ಸುಲಭವಾಗಿ ಗಾಳಕ್ಕೆ ಬೀಳಲಿಲ್ಲ. ಪೈಕ್ ಎಂಬ ಬೇಟೆಗಾರ ಮೀನಿನ ಕತೆ ಇನ್ನೂ ಸ್ವಾರಸ್ಯದ್ದು. ಅದು ಮಿನುಗುವ ಲೋಹದ ಎರೆಯನ್ನು ಬೇಗ ಗುರುತು ಹಿಡಿಯಿತು, ಆದರೆ ಜೀವಂತ ಮೀನನ್ನು ಎರೆಯಾಗಿಟ್ಟಾಗ ಹಿಂದಿನ ಪಾಠ ಕೆಲಸಕ್ಕೆ ಬರಲಿಲ್ಲ. ನೀವು ಇಸ್ಪೀಟಿನಿಂದ ಕಲಿತಿರಿ, ಆ ಎಚ್ಚರ ಇಂದಿಗೂ ಇದೆ. ಇದು ಬೇರೆ ಎರೆ, ಬೇರೆ ಹಸಿವಿಗೆ ಹಾಕಿದ್ದು.

ದೊಡ್ಡಸ್ವಾಮಿ ಎಂದಿರಲ್ಲ, ಅಬ್ಬೆ ದುಬೋಯಿಸ್ ಅವರು. ಅವರ ಕೆಲಸ ನೆನಪಿದೆಯೇ? ಅವರು ಬರುವ ಮುಂಚೆ, 1784ರಲ್ಲಿ, ಕರಾವಳಿಯಿಂದ ಕ್ರೈಸ್ತರನ್ನು ಸೆರೆಹಿಡಿದು ನಿಮ್ಮ ಊರಿಗೆ ತರಲಾಗಿತ್ತು, ಎಷ್ಟೋ ಜನ ಒತ್ತಾಯಕ್ಕೆ ಮಣಿದು ವಿಶ್ವಾಸ ಬಿಟ್ಟಿದ್ದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದ ಈ ಫ್ರೆಂಚ್ ಗುರುಗಳ ಮುಂದಿದ್ದ ದೊಡ್ಡ ಕೆಲಸವೇ ಹಾಗೆ ಬಿಟ್ಟುಹೋದವರನ್ನು ಮತ್ತೆ ಸೇರಿಸಿಕೊಳ್ಳುವುದು. 1823ರಲ್ಲಿ ಹಿಂದಿರುಗುವವರೆಗೂ ಈ ಸೀಮೆಯಲ್ಲಿ ದುಡಿದರು. ಅವರ ಹೆಸರಿನ ದೇವಾಲಯ ಶ್ರೀರಂಗಪಟ್ಟಣದಲ್ಲಿ ಇಂದಿಗೂ ಇದೆ. ಬಿದ್ದು ಎದ್ದು ಬಂದವರಿಂದಲೇ ತುಂಬಿದ ಸಭೆ ಅದು. ಮನೆತನದ ಮಾನಕ್ಕೆ ಕುಂದಾಯಿತೆಂದು ನೀವು ಅಂಜುವುದಾದರೆ, ಆ ಮಾನ ಶುರುವಾದದ್ದೇ ಹೀಗೆ.

ಪೇತ್ರನೂ ಯೇಸುವನ್ನು ಮೂರು ಸಲ ಅಲ್ಲಗಳೆದ ಮೇಲೆ ಹಳೆಯ ಕಸುಬಿಗೆ ಹೋಗಿ ಇಡೀ ರಾತ್ರಿ ಬಲೆ ಬೀಸಿದ, ಒಂದು ಮೀನೂ ಸಿಗಲಿಲ್ಲ. ಬೆಳಿಗ್ಗೆ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಡುತ್ತಿದ್ದರು. ಮೊದಲು ತಿನ್ನಲು ಕರೆದರು, ಪ್ರಶ್ನೆ ಆಮೇಲೆ ಕೇಳಿದರು.

ನಿವೇದನೆಗೆ ಹೋಗಿ. ಅದೇ ಪಾಪ ಎಂಬ ನಾಚಿಕೆ ಬೇಡ, ಹೊಸ ಹೊಸ ಪಾಪ ತಂದರೆ ಗುರುಗಳಿಗೆ ಸಂತೋಷವೇನೂ ಆಗುವುದಿಲ್ಲ. ರಾತ್ರಿ ಊಟವಾದ ಮೇಲೆ ಫೋನನ್ನು ಮಗನ ಕೋಣೆಯಲ್ಲೋ ಅಡುಗೆಮನೆಯಲ್ಲೋ ಚಾರ್ಜಿಗೆ ಹಾಕಿಬಿಡಿ, ಹಾಸಿಗೆಯ ಬಳಿ ರೇಡಿಯೊ ಇಟ್ಟುಕೊಳ್ಳಿ. ಎಚ್ಚರವಾದರೆ ಎದ್ದು ಕೂತು ಜಪಸರ ಹಿಡಿಯಿರಿ, ಮನೆಯವರನ್ನು ನೆನೆದು ಒಂದು ಅಳು ಬಂದರೆ ಅಳಿ. ವಾರಕ್ಕೊಮ್ಮೆ ಸಮವಯಸ್ಕರ ಜೊತೆ ಹೊಳೆ ದಂಡೆಯ ಕಡೆ ನಡೆದು ಬನ್ನಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನೀವು ಸೈತಾನನನ್ನು ಗಾಳ ಹಾಕುವವನು ಅಂದಿರಿ. ಪೇತ್ರ, ಅಂದ್ರೆಯ, ಯಾಕೋಬ, ಯೊವಾನ್ನ ಎಲ್ಲರೂ ಬೆಸ್ತರೇ ಅಲ್ಲವೇ? ನನಗೂ ಮೀನು ಹಿಡಿಯುವುದೆಂದರೆ ಇಷ್ಟ. ಅದು ಪಾಪವೇ? — ಪಾಂಡವಪುರ

ಉತ್ತರ: ಒಳ್ಳೆಯ ಕಡೆಗೇ ಕೈ ಹಾಕಿದ್ದೀರಿ. ಪಾಪವಲ್ಲ, ಧೈರ್ಯವಾಗಿರಿ. ನಾನೂ ಮೀನು ತಿನ್ನುವವನೇ.

ಶಿಷ್ಯರು ಗಲಿಲೇಯ ಸರೋವರದಲ್ಲಿ ಬಲೆ ಹಾಕುತ್ತಿದ್ದರು, ಎರೆ ತೋರಿಸಿ ಮರುಳು ಮಾಡುವ ಕೆಲಸ ಅದಲ್ಲ. ನಾಲ್ಕು ಸುವಾರ್ತೆಗಳಲ್ಲಿ ಗಾಳದ ಮಾತು ಬರುವುದು ಒಂದೇ ಕಡೆ, ಮತ್ತಾಯನ 17ನೇ ಅಧ್ಯಾಯದ ಕೊನೆಯಲ್ಲಿ. ದೇವಾಲಯದ ತೆರಿಗೆ ಕಟ್ಟಲು ಯೇಸು ಪೇತ್ರನಿಗೆ ಗಾಳ ಹಾಕಲು ಹೇಳುತ್ತಾರೆ, ಮೀನಿನ ಬಾಯಲ್ಲಿ ನಾಣ್ಯ ಸಿಗುತ್ತದೆ. ಬಲೆಗೂ ಗಾಳಕ್ಕೂ ಇರುವ ಈ ವ್ಯತ್ಯಾಸದ ಮೇಲೆ ನಾನು ದೊಡ್ಡ ಸಿದ್ಧಾಂತವನ್ನೇನೂ ಕಟ್ಟುವುದಿಲ್ಲ. ನಿಮ್ಮ ಮಾಸ್ತರರು ಒಪ್ಪದಿದ್ದರೆ ವಾದ ಮಾಡಿ ಅಂಕ ಕಳೆದುಕೊಳ್ಳಬೇಡಿ.

ಕೆರೆಯಲ್ಲಿ ಗಾಳ ಹಾಕುವ ಮುಂಚೆ ಮೀನಿನ ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ, ಆ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಟ್ಟಿರುತ್ತಾರೆ. ಮಳೆಗಾಲದ ಮೊದಲ ನೀರಿನಲ್ಲಿ ಮೊಟ್ಟೆ ತುಂಬಿದ ಮೀನು ಸಿಕ್ಕರೆ ಬಿಟ್ಟುಬಿಡಿ. ರಂಗನತಿಟ್ಟಿನ ಕಡೆ ಮಾತ್ರ ಗಾಳ ತೆಗೆದುಕೊಂಡು ಹೋಗಲೇಬೇಡಿ. ಅದು 1940ರಿಂದ ಪಕ್ಷಿಧಾಮ, ಅಲ್ಲಿಯ ಮೀನು ಹಕ್ಕಿಗಳ ಪಾಲು. ಮೊಸಳೆಗಳೂ ಇವೆ, ಅವು ಎರೆ ಯಾವುದು, ಹಾಕಿದವನು ಯಾರು ಎಂದು ಬೇರೆ ಮಾಡಿ ನೋಡುವುದಿಲ್ಲ.